ಕೆಟ್ಟ ಸಿನಿಮಾಕ್ಕೆ ಸೀಟಿ

ಅಮೆರಿಕದ ಕೆಲವು ಥಿಯೇಟರುಗಳಿಗೆ ಜನ ಮಧ್ಯರಾತ್ರಿ ಕೈತುಂಬ ಪ್ಲಾಸ್ಟಿಕ್ ಚಮಚ ಹಿಡ್ಕೊಂಡು ಹೋಗ್ತಾರೆ. ತಿನ್ನೋದಕ್ಕೇನೂ ಅಲ್ಲ, ತೆರೆಗೆ ಎಸೆಯೋದಕ್ಕೆ. ಸಿನಿಮಾದ ಹೆಸರು ‘ದಿ ರೂಮ್’, 2003ರದ್ದು. ನಾಯಕನ ಮನೆಯಲ್ಲಿ ಮೇಜಿನ ಮೇಲೊಂದು ಫೋಟೋ ಫ್ರೇಮಿದೆ. ಅದರೊಳಗೆ ಅಪ್ಪ ಅಮ್ಮ ಇಲ್ಲ, ಪ್ರೇಯಸಿ ಇಲ್ಲ, ಇರೋದು ಚಮಚದ ಚಿತ್ರ. ಅಂಗಡಿಯಿಂದ ತಂದಾಗ ಫ್ರೇಮಿನಲ್ಲಿ ಏನಿತ್ತೋ ಅದನ್ನೇ ಹಂಗೇ ಬಿಟ್ಟುಬಿಟ್ಟಿದ್ದಾರೆ. ಅದು ಕಂಡಾಗಲೆಲ್ಲ ಥಿಯೇಟರಿನಲ್ಲಿ ಚಮಚದ ಮಳೆ.

ಈ ಸಿನಿಮಾದ ಕಥೆ, ನಿರ್ದೇಶನ, ನಿರ್ಮಾಣ, ನಾಯಕನ ಪಾತ್ರ ಎಲ್ಲವೂ ಟಾಮಿ ವೈಸೋ ಎಂಬ ಒಬ್ಬನೇ ಮನುಷ್ಯನದು. ಖರ್ಚು ಸುಮಾರು 60 ಲಕ್ಷ ಡಾಲರ್ ಅಂತ ಹೇಳ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಮೊದಲ ಎರಡು ವಾರದ ಗಳಿಕೆ 1,800 ಡಾಲರ್. 35 ಎಂಎಂ ಫಿಲ್ಮ್ ಕ್ಯಾಮೆರಾ ಒಂದು, ಡಿಜಿಟಲ್ ಕ್ಯಾಮೆರಾ ಒಂದು, ಎರಡನ್ನೂ ಪಕ್ಕಪಕ್ಕ ಜೋಡಿಸಿ ಇಡೀ ಸಿನಿಮಾ ತೆಗೆದಿದ್ದಾನೆ ಪುಣ್ಯಾತ್ಮ. ಸ್ಟುಡಿಯೋದಲ್ಲಿ ತಾರಸಿಯ ಸೆಟ್ ಹಾಕಿ, ಹಿಂದೆ ಹಸಿರು ಪರದೆ ಕಟ್ಟಿ, ಅದರ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಊರನ್ನು ಅಂಟಿಸಿದ್ದಾನೆ. ನಾಯಕಿಯ ತಾಯಿ ಒಂದು ಕಡೆ ತನಗೆ ಸ್ತನ ಕ್ಯಾನ್ಸರ್ ಇದೆ ಅಂತಾಳೆ, ಮಾರ್ಕೆಟ್ಟಿಗೆ ಹೋಗಿದ್ದೆ ಅನ್ನುವ ಧಾಟಿಯಲ್ಲಿ. ಆಮೇಲೆ ಸಿನಿಮಾ ಮುಗಿಯೋವರೆಗೂ ಯಾರೂ ಆ ಮಾತೆತ್ತಲ್ಲ, ಸ್ವತಃ ಆಯಮ್ಮನೂ ಎತ್ತಲ್ಲ. ಇನ್ನೊಂದು ಕಡೆ ಗಂಡಸರೆಲ್ಲ ಸೂಟುಬೂಟು ಹಾಕ್ಕೊಂಡು ಚೆಂಡು ಎಸೆದಾಡ್ತಾರೆ. ಯಾಕೆ ಅಂತ ಕೇಳಬೇಡಿ.

ಇಂಥದ್ದನ್ನ ಯಾಕೆ ನೋಡ್ತೀರಿ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ನಗೋದಕ್ಕೆ. ಇವನಿಗಿಂತ ನಾವು ವಾಸಿ ಅಂತ ಅನ್ನಿಸುತ್ತಲ್ಲ, ಆ ಖುಷಿಗೆ. ಈ ಉತ್ತರ ನನಗೆ ಯಾವತ್ತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಕೆಟ್ಟದಾಗಿರೋದೇ ಸಾಕು ಅನ್ನೋದಾದರೆ ಪ್ರತಿ ಶುಕ್ರವಾರ ಬಿಡುಗಡೆಯಾಗುವ ಸಿನಿಮಾಗಳಲ್ಲಿ ಅದಕ್ಕೇನು ಬರವೇ? ಅವುಗಳಿಗೆ ಯಾರೂ ಚಮಚ ಒಯ್ಯಲ್ಲ. ಯಾಕಂದ್ರೆ ಅವು ನೆಟ್ಟಗಿರುವ ಕೆಟ್ಟ ಸಿನಿಮಾಗಳು. ಫೋಕಸ್ ಸರಿಯಾಗಿದೆ, ಧ್ವನಿ ಸರಿಯಾಗಿದೆ, ಹಾಡಿಗೆ ವಿದೇಶದ ಬೆಟ್ಟ ಇದೆ. ಒಬ್ಬನಿಗಾದರೂ ಇದನ್ನು ತೆಗೆಯಲೇಬೇಕು ಅನ್ನುವ ಹುಚ್ಚಿತ್ತು ಅಂತ ಮಾತ್ರ ಎಲ್ಲೂ ಅನ್ನಿಸಲ್ಲ. ನಾವು ಮೊಬೈಲು ತೆಗೀತೀವಿ. ‘ದಿ ರೂಮ್’ ನೋಡುವಾಗ ಮೊಬೈಲು ತೆಗೆಯೋಕೆ ಆಗಲ್ಲ, ಮುಂದಿನ ನಿಮಿಷ ಏನಾಗುತ್ತೆ ಅಂತ ದೇವರಿಗೂ ಗೊತ್ತಿಲ್ಲ.

ಬೇಕೂಂತ ಕೆಟ್ಟದಾಗಿ ತೆಗೆದವೂ ಇವೆ. 2013ರಲ್ಲಿ ಅಮೆರಿಕದ ಟೀವಿಗೆ ಬಂದ ‘ಶಾರ್ಕ್‌ನೇಡೋ’ದಲ್ಲಿ ಸುಂಟರಗಾಳಿ ಸಮುದ್ರದಿಂದ ಶಾರ್ಕುಗಳನ್ನು ಎತ್ತಿ ಊರಿನ ಮೇಲೆ ಸುರಿಯುತ್ತೆ. ಹತ್ತು ನಿಮಿಷ ತಮಾಷೆ. ಆಮೇಲೆ, ತಾನೇ ಜೋಕು ಹೇಳಿ ತಾನೇ ಮೊದಲು ನಗುವ ನೆಂಟರ ಜೊತೆ ಕೂತಂಗಾಗುತ್ತೆ. ಸೂಸನ್ ಸಾಂಟಾಗ್ 1964ರಲ್ಲೇ ‘ಕ್ಯಾಂಪ್’ ಅಭಿರುಚಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಹಿಡಿದಿದ್ದಳು. ಗಂಭೀರವಾಗಿ ಹೊರಟು ಸೋತದ್ದಕ್ಕಿರುವ ಸೊಗಸು ಬೇಕೂಂತ ಮಾಡಿದ್ದಕ್ಕೆ ಸಾಮಾನ್ಯವಾಗಿ ಬರಲ್ಲ ಅನ್ನೋದು ಅವಳ ವಾದದ ಒಂದು ಎಳೆ. ವೈಸೋ ತನ್ನ ಸಿನಿಮಾವನ್ನು ಮೊದಲು ಪ್ರಚಾರ ಮಾಡಿದ್ದು ಟೆನೆಸ್ಸೀ ವಿಲಿಯಮ್ಸ್‌ನ ನಾಟಕಗಳ ತೀವ್ರತೆ ಇರುವ ಚಿತ್ರ ಅಂತ. ಜನ ನಗೋಕೆ ಶುರು ಮಾಡಿದ ಮೇಲೆ ಅದು ಮೊದಲಿಂದಲೂ ಬ್ಲ್ಯಾಕ್ ಕಾಮಿಡಿಯೇ ಅನ್ನತೊಡಗಿದ. ಪಾಪ, ಅವನ ಮಾನಕ್ಕೆ ಅದೊಂದು ಕೊಡೆ, ಹಿಡ್ಕೊಳ್ಳಲಿ. ಆದರೆ ಅವನ ಮಾತು ನಿಜವಾಗಿದ್ದರೆ ನಾನು ಆ ಸಿನಿಮಾವನ್ನು ಎರಡನೇ ಸಲ ನೋಡ್ತಿರಲಿಲ್ಲ.

ಇಂಥ ಸಿನಿಮಾಗಳ ಇನ್ನೊಂದು ಸುಖ ಅಂದರೆ ಹೊಲಿಗೆ ಕಾಣೋದು. ಟೆಕ್ಸಾಸ್‌ನ ಎಲ್ ಪಾಸೋ ಊರಿನಲ್ಲಿ ಹೆರಾಲ್ಡ್ ವಾರೆನ್ ಎಂಬ ಗೊಬ್ಬರದ ವ್ಯಾಪಾರಿಯೊಬ್ಬ ಒಬ್ಬ ಚಿತ್ರಕಥೆಗಾರನ ಜೊತೆ ಬಾಜಿ ಕಟ್ಟಿ ಒಂದು ಹಾರರ್ ಸಿನಿಮಾ ತೆಗೆದ. 1966ರ ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’. ಅವನ ಕೀಲಿ ಕೊಡುವ ಕ್ಯಾಮೆರಾ ಒಂದು ಸಲಕ್ಕೆ 32 ಸೆಕೆಂಡಷ್ಟೇ ಓಡ್ತಿತ್ತು, ಶಬ್ದವನ್ನೂ ಹಿಡೀತಿರಲಿಲ್ಲ. ಹಾಗಾಗಿ ನಾಲ್ಕಾರು ಜನ ಸೇರಿ ಎಲ್ಲ ಪಾತ್ರಗಳಿಗೂ ಆಮೇಲೆ ದನಿ ಕೊಟ್ಟರು. ಸಿನಿಮಾ ಅಂದರೆ ತುಂಡು ತುಂಡು ಸೇರಿಸಿ ಕಟ್ಟುವ ಸುಳ್ಳು ಅಂತ ಪಾಠದಲ್ಲಿ ಓದಬಹುದು, ‘ಮ್ಯಾನೋಸ್’ನಲ್ಲಿ ಆ ತುಂಡುಗಳನ್ನು ಬೆರಳಿಟ್ಟು ಎಣಿಸಬಹುದು. ನಮ್ಮೂರ ನಾಟಕಗಳಲ್ಲಿ ಇದೇ ಆಗ್ತಿತ್ತು. ದುರ್ಯೋಧನನ ಮೀಸೆ ಸಡಿಲಾಗಿ ಜೋತಾಡೋದು, ಮಾತು ಮರೆತ ಭೀಮ ಸೈಡ್‌ವಿಂಗ್ ಕಡೆ ಕಣ್ಣು ಹೊರಳಿಸೋದು, ಒಳಗಿಂದ ಪ್ರಾಂಪ್ಟರ್ ಹೇಳಿದ್ದು ಭೀಮನಿಗಿಂತ ಮೊದಲು ನಮಗೇ ಕೇಳಿಸೋದು. ಜನ ಬಿದ್ದೂ ಬಿದ್ದೂ ನಗ್ತಿದ್ದರು, ಬೆಳಗಿನ ಜಾವದವರೆಗೂ ಒಬ್ಬರೂ ಏಳ್ತಿರಲಿಲ್ಲ. ಆ ನಗುವಿನಲ್ಲಿ ತಿರಸ್ಕಾರ ಇತ್ತು ಅಂತ ನನಗೆ ಅನ್ನಿಸಿಲ್ಲ. ಭೀಮ ನಾಳೆ ಬೆಳಿಗ್ಗೆ ಡೇರಿಯಲ್ಲಿ ಸಿಗುವವನು, ಮುಖ ಕೊಟ್ಟು ಮಾತಾಡಿಸಬೇಕಾದವನು.

ಆದರೆ ಸಿನಿಮಾದವನು ಡೇರಿಯಲ್ಲಿ ಸಿಗಲ್ಲ. ತೊಡಕು ಇರೋದು ಇಲ್ಲಿ.

ನಮ್ಮ ದೇಶದ ‘ಗುಂಡಾ’ವನ್ನೇ ತಗೊಳ್ಳಿ. ಕಾಂತಿ ಶಾ ನಿರ್ದೇಶಿಸಿದ 1998ರ ಹಿಂದಿ ಚಿತ್ರ, ನಾಯಕ ಮಿಥುನ್ ಚಕ್ರವರ್ತಿ. ಮಿಥುನ್ ಆಗ ಊಟಿಯಲ್ಲಿ ಹೋಟೆಲು ಇಟ್ಟುಕೊಂಡು, ಅಲ್ಲೇ ಸುತ್ತಮುತ್ತ ಕಡಿಮೆ ಖರ್ಚಿನ ಸಿನಿಮಾಗಳನ್ನು ಡಜನ್‌ಗಟ್ಟಲೆ ಮಾಡ್ತಿದ್ದ ಕಾಲ. ‘ಗುಂಡಾ’ದಲ್ಲಿ ಬುಲ್ಲಾ, ಪೋತೆ, ಇಬು ಹಟೇಲಾ ಅಂತ ಹೆಸರಿನ ಖಳರು ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ಬಂದು ಪ್ರಾಸಬದ್ಧವಾಗಿ ತಮ್ಮ ಪರಿಚಯ ಹೇಳ್ಕೋತಾರೆ, ಬಯಲಾಟದ ಒಡ್ಡೋಲಗದ ಹಾಗೆ. ಕೊನೆಯ ಹೊಡೆದಾಟಕ್ಕೆ ಖಳರ ಪಡೆ ಬರೋದು ಆಟೋಗಳಲ್ಲಿ. ನಾನು ಇದನ್ನ ಮೊದಲು ನೋಡಿದ್ದು ಎಂಜಿನಿಯರಿಂಗ್ ಹಾಸ್ಟೆಲಿನ ರೂಮಿನಲ್ಲಿ, ಒಂದು ಕಂಪ್ಯೂಟರಿನ ಮುಂದೆ ಹದಿನೈದು ಜನ ಕೂತು. ಎಲ್ಲರಿಗೂ ಡೈಲಾಗು ಬಾಯಿಪಾಠ.

ಕಾಂತಿ ಶಾ ವೈಸೋನಂಥ ಕನಸುಗಾರ ಅಲ್ಲ, ಕಸುಬುದಾರ. ಸಣ್ಣ ಊರಿನ ಸಿಂಗಲ್ ಸ್ಕ್ರೀನ್ ಥಿಯೇಟರುಗಳಿಗೆ ಏನು ಓಡುತ್ತೆ ಅಂತ ಲೆಕ್ಕ ಹಾಕಿ ತೆಗೆದವನು. ಅಂದರೆ ಮೇಲೆ ನಾನು ಹೇಳಿದ ಹುಚ್ಚಿನ ಸಿದ್ಧಾಂತ ಇಲ್ಲಿ ಅರ್ಧವೇ ಹೊಂದುತ್ತೆ. ಸೋಮಾರಿ ಕಸುಬುದಾರನಿಗೆ ಪ್ರತಿ ಮಾತಿಗೂ ಪ್ರಾಸ ಹುಡುಕುವ ಉಸಾಬರಿ ಯಾಕೆ ಬೇಕಿತ್ತು? ಬರೆದವನಿಗೆ ಏನೋ ಒಂದು ಹಟ ಇತ್ತು, ಆ ಹಟವೇ ಸಿನಿಮಾವನ್ನು ಇಲ್ಲಿವರೆಗೂ ಉಳಿಸಿದೆ ಅಂತ ನನ್ನ ಗುಮಾನಿ. ಇರಲಿ. ‘ಗುಂಡಾ’ಕ್ಕೆ ಎರಡು ಬಗೆಯ ಪ್ರೇಕ್ಷಕರು. ಟಿಕೆಟ್ ತಗೊಂಡು ಸಿನಿಮಾ ಅಂತ ನೋಡಿದವರು ಒಂದು ಕಡೆ. ಅವರನ್ನೂ ಸೇರಿಸ್ಕೊಂಡು ನಗುವ ನಮ್ಮಂಥ ಇಂಗ್ಲಿಷ್ ಓದಿದವರು ಇನ್ನೊಂದು ಕಡೆ. ಸಂಬಳ, ಭಾಷೆ, ಊರು ಇವುಗಳ ಅಂತರವೆಲ್ಲ ಆ ನಗುವಿನೊಳಗೆ ಸದ್ದಿಲ್ಲದೆ ಕೂತಿರುತ್ತೆ.

ಇನ್ನೂ ಕಷ್ಟದ್ದು ಬೇರೆ ಇದೆ. ಆ ಸಿನಿಮಾದಲ್ಲಿ ನಾಯಕನ ತಂಗಿಯ ಮೇಲೆ ಅತ್ಯಾಚಾರ ಆಗುತ್ತೆ, ಕೊಲೆ ಆಗುತ್ತೆ. ಖಳರು ಅದರ ಸುತ್ತಲೂ ಪ್ರಾಸ ಹೊಸೀತಾರೆ. ಹಾಸ್ಟೆಲ್ ರೂಮಿನಲ್ಲಿ ಆ ದೃಶ್ಯಕ್ಕೂ ಮಿಕ್ಕ ದೃಶ್ಯಗಳಷ್ಟೇ ಜೋರಾಗಿ ಕೇಕೆ ಬಿತ್ತು. ಕೆಟ್ಟದಾಗಿ ತೆಗೆದದ್ದು, ಹಾಗಾಗಿ ಅದು ನಿಜ ಅಲ್ಲ, ಹಾಗಾಗಿ ನಗಬಹುದು ಅನ್ನುವ ತರ್ಕ. ಚಮಚ ಎಸೆಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಚಮಚದ ನಗು ಸಿನಿಮಾ ಮಾಡಿದವನ ಕೈ ಜಾರಿದ್ದಕ್ಕೆ. ಇಲ್ಲಿ ಕೈ ಜಾರಿಲ್ಲ. ಆ ದೃಶ್ಯ ಯಾರಿಗೆ ಏನು ತೋರಿಸಬೇಕು ಅಂತಿತ್ತೋ ಅದನ್ನೇ ತೋರಿಸ್ತಾ ಇದೆ. ಕೇಕೆ ಹಾಕುವ ನಾವು ಅದು ಬಯಸಿದ ಪ್ರೇಕ್ಷಕರೇ ಆಗಿಬಿಟ್ಟಿರ್ತೀವಿ, ವ್ಯಂಗ್ಯದ ಟೋಪಿ ಹಾಕ್ಕೊಂಡು. ‘ಕಲ್ಟ್’ ಅನ್ನುವ ಬಿಲ್ಲೆ ಅಂಟಿಸಿ ಇಡೀ ಸಿನಿಮಾವನ್ನು ಒಂದೇ ಮುದ್ದೆಯಂತೆ ನುಂಗುವ ಬರವಣಿಗೆ ಓದಿದಾಗ ನನಗೆ ಸಿಟ್ಟು ಬರೋದು ಇದಕ್ಕೇ.

ಈ ಗುಂಪಿನ ಹಿರಿಯಜ್ಜ ಅಂದರೆ ಎಡ್ ವುಡ್, ಅವನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. 1956ರಲ್ಲಿ ಚಿತ್ರೀಕರಣ, ಎಲ್ಲ ಕಡೆ ಬಿಡುಗಡೆಯಾದದ್ದು 1959ರಲ್ಲಿ. ಸಮಾಧಿಕಲ್ಲುಗಳು ಅಲ್ಲಾಡುತ್ವೆ. ಒಂದೇ ದೃಶ್ಯದಲ್ಲಿ ಹಗಲು, ರಾತ್ರಿ, ಮತ್ತೆ ಹಗಲು. ವಿಮಾನದ ಕಾಕ್‌ಪಿಟ್ಟಿಗೆ ಬಾತ್‌ರೂಮಿನ ಪರದೆ. ದುಡ್ಡು ಹಾಕಿದವರು ಬ್ಯಾಪ್ಟಿಸ್ಟ್ ಚರ್ಚಿನವರು. ಅವರ ಸಮಾಧಾನಕ್ಕೆ ತಂಡದ ಕೆಲವರು ದೀಕ್ಷಾಸ್ನಾನ ಮಾಡಿಸ್ಕೊಂಡರು. ಸಿನಿಮಾ ಮಾಡೋದಕ್ಕೆ ಜನ ಮನೆ ಅಡ ಇಟ್ಟಿದ್ದು ಕೇಳಿದ್ದೀವಿ, ಇಲ್ಲಿ ಆತ್ಮವನ್ನೂ ಇಟ್ಟರು. ವುಡ್ ತೀರಿಕೊಂಡದ್ದು 1978ರ ಡಿಸೆಂಬರಿನಲ್ಲಿ, 54ನೇ ವಯಸ್ಸಿಗೆ, ಕುಡಿತ ಬಡತನದಲ್ಲಿ ಬೆಂದು, ಬಾಡಿಗೆ ಮನೆಯಿಂದ ಹೊರಹಾಕಿಸಿಕೊಂಡ ಕೆಲವೇ ದಿನಕ್ಕೆ. ‘ಪ್ಲಾನ್ 9’ ಸಾರ್ವಕಾಲಿಕ ಅತಿ ಕೆಟ್ಟ ಸಿನಿಮಾ, ವುಡ್ ಅತಿ ಕೆಟ್ಟ ನಿರ್ದೇಶಕ ಅಂತ ಮೆಡ್ವೆಡ್ ಸಹೋದರರ ಪುಸ್ತಕ ಸಾರಿದ್ದು 1980ರಲ್ಲಿ. ಜನ ಹುಡುಕಿಕೊಂಡು ನೋಡೋಕೆ ಶುರು ಮಾಡಿದ್ದು ಆಮೇಲೆ. 1994ರಲ್ಲಿ ಟಿಮ್ ಬರ್ಟನ್ ಅವನ ಬದುಕಿನ ಮೇಲೇ ಸಿನಿಮಾ ಮಾಡಿದ; ಅದರಲ್ಲಿ ಬೇಲಾ ಲುಗೋಸಿಯ ಪಾತ್ರ ಮಾಡಿದ ಮಾರ್ಟಿನ್ ಲ್ಯಾಂಡೌಗೆ ಆಸ್ಕರ್ ಬಂತು. ವೈಸೋಗಾದರೂ ತನ್ನ ಸಿನಿಮಾಕ್ಕೆ ಬಿದ್ದ ಸೀಟಿ ಕೇಳಿಸಿಕೊಳ್ಳುವ ಭಾಗ್ಯ ಸಿಕ್ಕಿತು.

ಆ ನಿಜವಾದ ಲುಗೋಸಿ, ಒಂದು ಕಾಲದ ಡ್ರಾಕುಲಾ, ‘ಪ್ಲಾನ್ 9’ರಲ್ಲಿ ಇರೋದು ಕೆಲವೇ ನಿಮಿಷ. ಅವನು ಸತ್ತದ್ದು 1956ರ ಆಗಸ್ಟಿನಲ್ಲಿ. ಅದಕ್ಕೆ ಮೊದಲು ಬೇರೇನಕ್ಕೋ ತೆಗೆದಿದ್ದ ಮೂಕಿ ತುಣುಕುಗಳನ್ನು ವುಡ್ ಇಲ್ಲಿ ಸೇರಿಸಿದ. ಒಂದರಲ್ಲಿ ಕಪ್ಪು ಬಟ್ಟೆಯ ಮುದುಕ ಮನೆಯಿಂದ ಹೊರಗೆ ಬರ್ತಾನೆ, ಗಿಡದಿಂದ ಒಂದು ಹೂವು ಕಿತ್ತು ಮೂಸಿ ನೋಡ್ತಾನೆ. ಅಷ್ಟೇ. ನಾನು ಆ ಸಿನಿಮಾ ನೋಡಿದ ಎರಡು ಸಲವೂ ಜೊತೆಗೆ ನಗುವವರು ತುಂಬ ಜನ ಇದ್ದರು, ಎರಡು ಸಲವೂ ಆ ತುಣುಕಿಗೆ ರೂಮು ತಣ್ಣಗಾಯಿತು. ಮುಂದಿನ ದೃಶ್ಯಗಳಲ್ಲಿ ಅವನ ಬದಲಿಗೆ ಬರೋದು ವುಡ್‌ನ ಹೆಂಡತಿಗೆ ಬೆನ್ನುಮೂಳೆ ನೀವುತ್ತಿದ್ದ ವೈದ್ಯ. ಮುಖ ಗೊತ್ತಾಗಬಾರದು ಅಂತ ಮೇಲಂಗಿಯನ್ನು ಮೂಗಿನವರೆಗೆ ಎಳ್ಕೊಂಡು ಓಡಾಡ್ತಾನೆ, ಲುಗೋಸಿಗಿಂತ ಎತ್ತರ ಬೇರೆ. ನಗು ಮತ್ತೆ ಶುರುವಾಗುತ್ತೆ.