ಒಂದೇ ಕಲ್ಲು, ಒಂದೇ ಎಂಜಿನ್

ಕಾರ ಹುಣ್ಣಿಮೆ ಬಂತೆಂದರೆ ರಾಯಚೂರಿನಲ್ಲಿ ಮುನ್ನೂರುಕಾಪು ಸಮಾಜದ ಮುಂಗಾರು ಹಬ್ಬ. ಎತ್ತಿನ ಜೋಡಿಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದಲೂ ಜನ ಹೋಗುತ್ತಾರೆ. ಒಂದೂವರೆ ಟನ್, 2 ಟನ್, 2.5 ಟನ್, ಹೀಗೆ ದಿನಕ್ಕೊಂದು ತೂಕ. ಯಾರ ಜೋಡಿ ಕಣಕ್ಕಿಳಿದರೂ ಅಂದಿನ ಕಲ್ಲು ಅದೇ, ನೆಲ ಅದೇ, ಕೊಟ್ಟ ನಿಮಿಷಗಳೂ ಅಷ್ಟೇ. ಕೊನೆಗೆ ಟೇಪು ಹಿಡಿದು ಎಷ್ಟು ದೂರ ಎಳೆದವೆಂದು ಅಳೆಯುತ್ತಾರೆ. ಸೋತವನೂ ಆ ಅಳತೆಯನ್ನು ಒಪ್ಪಿಕೊಂಡು ಎತ್ತುಗಳ ಬೆನ್ನು ಸವರುತ್ತಾನೆ. ಕಲ್ಲು ಎಲ್ಲರಿಗೂ ಒಂದೇ ಆಗಿದ್ದರಿಂದಲೇ ಅವನಿಗೆ ಆ ಸಮಾಧಾನ.

ಕಾರಿನ ಓಟದಲ್ಲಿ ಇದೇ ನ್ಯಾಯವನ್ನು ಹುಡುಕಿ ಹೊರಟ ಒಂದು ಪದ್ಧತಿ ಇದೆ. ಎಲ್ಲರಿಗೂ ಒಂದೇ ಮಾದರಿಯ ಕಾರು, ಸೀಲ್ ಹಾಕಿದ ಒಂದೇ ಬಗೆಯ ಎಂಜಿನ್, ಒಂದೇ ಕಂಪನಿಯ ಟೈರು, ಚಾಲಕನನ್ನೂ ಸೇರಿಸಿ ಗೊತ್ತುಪಡಿಸಿದ ಕನಿಷ್ಠ ತೂಕ. ಇದನ್ನು ಒನ್ ಮೇಕ್ ಅಥವಾ ಸ್ಪೆಕ್ ಕ್ಲಾಸ್ ಅನ್ನುತ್ತಾರೆ. ಭಾರೀ ಶಕ್ತಿಯ ದುಬಾರಿ ಕಾರುಗಳನ್ನು ಬಿಟ್ಟು ಜಗತ್ತಿನ ಎಷ್ಟೋ ಹವ್ಯಾಸಿಗಳು ಈ ಕಡೆ ಹೊರಳಿದ್ದಾರೆ. ಆ ಹೊರಳುವಿಕೆ ಸರಿಯಾದದ್ದೇ, ಅದು ಹೇಳಿದ ಮಾತನ್ನು ಉಳಿಸಿಕೊಂಡಿದೆಯೇ ಎಂದು ನೋಡುವುದು ಈ ಬರಹದ ಉದ್ದೇಶ.

ನಮ್ಮ ಭಾಗಕ್ಕೆ ಈ ಪ್ರಶ್ನೆ ದೂರದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಎರೆ ನೆಲ ಭತ್ತದ ಗದ್ದೆಯಾಯಿತು, ಕೆಸರು ತುಳಿಯಲು ಟ್ರ್ಯಾಕ್ಟರು ಬಂತು. ಹೊಸ ಗಾಡಿ ಮನೆ ಮುಂದೆ ನಿಂತರೆ ಮೊದಲು ಕೇಳುವ ಮಾತು, "ಎಷ್ಟು ಎಚ್‌ಪಿ ಅದ?" ಹೊಲದಲ್ಲಿ ಆ ಪ್ರಶ್ನೆಗೆ ಅರ್ಥವಿದೆ, ಏಕೆಂದರೆ ಅಲ್ಲಿ ಶಕ್ತಿಗೆ ಕೆಲಸವಿದೆ. ಅದೇ ಪ್ರಶ್ನೆ ಕಾರಿಗೆ ಅಂಟಿಕೊಂಡಾಗ ಕೆಲಸ ತಪ್ಪಿದ ಶಕ್ತಿ ರಸ್ತೆಗೆ ಬೀಳುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರನ್ನು ದಾಟಿ ಬಳ್ಳಾರಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎಯಲ್ಲಿ ಭತ್ತದ ಲಾರಿ, ಹುಲ್ಲು ತುಂಬಿದ ಟ್ರೇಲರು, ಕುರಿ ಹಿಂಡು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಇರುತ್ತಾರೆ. ಅಂಥ ದಾರಿಯಲ್ಲಿ ಕಾರಿನ ತಾಕತ್ತು ತೋರಿಸುವವನನ್ನು ಚಾಲಕ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ವೇಗದ ಬೆಲೆಯನ್ನು ತೆರುವವರು ಬೇರೆಯವರು.

ಭಾರತದ ಕಾರು ಓಟವೂ ಮೊದಲು ಶಕ್ತಿಯ ಬೆನ್ನು ಹತ್ತಿತ್ತು. ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೇ ಓಟದ ಅಂಗಳವಾಗಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಎನ್‌ಸೈನ್ ಕಂಪನಿಯ ಫಾರ್ಮುಲಾ ಒನ್ ಕಾರನ್ನೇ ತಂದು ಅಲ್ಲಿ ಓಡಿಸಿದರು. ನೋಡಲು ಬಂದವರಿಗೆ ಅದು ಹಬ್ಬವೇ ಸರಿ. ಆದರೆ ಒಂದು ಕಾರು ಸಿಂಹದಂತೆ, ಉಳಿದವು ಹೋರಿಕರುಗಳಂತೆ ಇದ್ದ ಕಣದಲ್ಲಿ ಯಾರು ಚೆನ್ನಾಗಿ ಓಡಿಸಿದರೆಂದು ತೀರ್ಮಾನಿಸುವುದು ಹೇಗೆ?

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಕೊಯಮತ್ತೂರಿನ ಎಸ್. ಕರಿವರ್ಧನ್. ತಾವೂ ಬಲಶಾಲಿ ಕಾರುಗಳನ್ನು ಓಡಿಸಿದ್ದ ಅವರು 80ರ ದಶಕದ ಕೊನೆಯಲ್ಲಿ ಮಾರುತಿ 800ರ ಮೂರು ಸಿಲಿಂಡರಿನ, 796 ಸಿಸಿಯ ಎಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ಊರೂರಿನ ಮೆಕ್ಯಾನಿಕ್ ಬಲ್ಲ ಎಂಜಿನ್ ಅದು. 2005ರಲ್ಲಿ ಫಾರ್ಮುಲಾ ಒನ್ ಕಣಕ್ಕಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಮೊದಲು ಸ್ಪರ್ಧಿಸಿದ್ದು ಇಂಥದೇ ಕಾರಿನಲ್ಲಿ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಸ್ಪೀಡ್‌ವೇಗೆ ಅವರದೇ ಹೆಸರು.

ಕಡಿಮೆ ಶಕ್ತಿಯ ಕಾರು ಚಾಲಕನಿಗೆ ಹೆಚ್ಚು ಕಲಿಸುತ್ತದೆ ಅನ್ನುವುದಕ್ಕೆ ಗಟ್ಟಿ ಕಾರಣವಿದೆ. ಬಲವಾದ ಕಾರಿನಲ್ಲಿ ತಿರುವನ್ನು ಕೆಡಿಸಿಕೊಂಡರೂ ಮುಂದಿನ ನೇರ ದಾರಿಯಲ್ಲಿ ಆಕ್ಸಿಲರೇಟರ್ ತುಳಿದು ಆ ತಪ್ಪನ್ನು ಮುಚ್ಚಬಹುದು. ಸಣ್ಣ ಎಂಜಿನ್ನಿಗೆ ಆ ಆಸರೆ ಇಲ್ಲ. ತಿರುವಿನಲ್ಲಿ ಕಳೆದ ವೇಗ ಮುಂದಿನ ತಿರುವಿನ ತನಕ ಮರಳುವುದಿಲ್ಲ. ಹಾಗಾಗಿ ಬ್ರೇಕನ್ನು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು, ಟೈರಿನ ಹಿಡಿತ ಎಲ್ಲಿ ಸಡಿಲುತ್ತದೆ ಎಂಬುದನ್ನು ಕೈಕಾಲು ಕಲಿಯಲೇಬೇಕು. ಎದುರಾಳಿಯ ಕಾರೂ ಅಷ್ಟೇ ಶಕ್ತಿಯದಾದ್ದರಿಂದ ಅವನ ಬೆನ್ನಿಗೆ ಅಂಟಿಕೊಂಡು, ಗಾಳಿಯ ತಡೆ ತಪ್ಪಿಸಿಕೊಂಡು, ಅವನು ಎಡವುವ ಗಳಿಗೆಗೆ ಕಾಯಬೇಕು. ನನ್ನ ಕಣ್ಣಿಗೆ ಈ ಕಾಯುವಿಕೆಯೇ ಓಟದ ನಿಜವಾದ ಸೊಗಸು.

ಹಣದ ಲೆಕ್ಕವೂ ಇದಕ್ಕೇ ಕೂಡಿಬರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಭಾರವಾದ, ಬಲವಾದ ಕಾರು ಟೈರು, ಬ್ರೇಕ್ ಪ್ಯಾಡು, ಪೆಟ್ರೋಲನ್ನು ತಿನ್ನುವುದು ಆ ಲೆಕ್ಕದಲ್ಲೇ. ಇದನ್ನು ಅರಿತು ಅಮೆರಿಕದಲ್ಲಿ 60ರ ದಶಕದ ಮೊದಲಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಬಿಡಿಭಾಗಗಳಿಂದ ಫಾರ್ಮುಲಾ ವೀ ಹುಟ್ಟಿತು, ಇಂಗ್ಲೆಂಡಿನಲ್ಲಿ 1967ರಲ್ಲಿ ಫಾರ್ಮುಲಾ ಫೋರ್ಡ್ ಬಂತು. 1989ರಲ್ಲಿ ಮಾರುಕಟ್ಟೆಗೆ ಬಂದ ಮಜ್ದಾ ಮಿಯಾಟ ಹಳತಾದ ಮೇಲೆ ಅದಕ್ಕೇ ಉಕ್ಕಿನ ಪಂಜರ ಬೆಸೆದು ಕ್ಲಬ್ ಓಟಕ್ಕೆ ಇಳಿಸಿದರು. ಸ್ಪೆಕ್ ಮಿಯಾಟ ಎಂಬ ಆ ವರ್ಗ ಅಮೆರಿಕದ ವಾರಾಂತ್ಯದ ಓಟಗಾರರಿಗೆ ಮನೆಮಾತಾಗಿದೆ. ವಾರವೆಲ್ಲ ಬೇರೆ ದುಡಿಮೆ ಮಾಡುವ ಜನ ಅವರು.

ಭಾರತದಲ್ಲಿ ಇದು ಎರಡು ದಾರಿ ಹಿಡಿಯಿತು. ಮೊದಲನೆಯದು ಕಾರು ಕಂಪನಿಗಳ ದಾರಿ. ಫೋಕ್ಸ್‌ವ್ಯಾಗನ್ 2010ರಲ್ಲಿ ಪೋಲೋ ಕಪ್ ಆರಂಭಿಸಿತು. ಬಿಡದಿಯಲ್ಲಿ ತಯಾರಾಗುತ್ತಿದ್ದ ಎಟಿಯೋಸ್‌ಗೂ ಟೊಯೊಟಾ ಒಂದು ಸರಣಿ ನಡೆಸಿತು. ಕಾರು ಕಂಪನಿಯದು, ರಿಪೇರಿಯೂ ಅವರದೇ. ಚಾಲಕ ಶುಲ್ಕ ಕಟ್ಟಿ ಹೆಲ್ಮೆಟ್ ಹಿಡಿದು ಬಂದರೆ ಸಾಕು. ಕಾರುಗಳ ಸಮಾನತೆಯಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡಬೇಕು. ಆದರೆ ಬೇರು ಬಿಡುವ ವಿಷಯದಲ್ಲಿ ಇದು ಸೋತಿದೆ. ಕಾರು ಚಾಲಕನದಲ್ಲ, ಅದನ್ನು ಬಿಚ್ಚಿ ಕಟ್ಟುವ ವಿದ್ಯೆ ಅವನ ಊರಿಗೆ ಬರುವುದಿಲ್ಲ, ಕಂಪನಿಯ ಮಾರಾಟದ ಯೋಚನೆ ಬದಲಾದ ದಿನ ಸರಣಿಯೂ ಮುಗಿಯುತ್ತದೆ.

ಎರಡನೆಯದು ಕೊಯಮತ್ತೂರಿನ ದಾರಿ. ಅಲ್ಲಿನ ಚೈನ್ ತಯಾರಕರಾದ ಎಲ್.ಜಿ. ಬಾಲಕೃಷ್ಣನ್ ಕಂಪನಿಯ ಹೆಸರಿನ ಫಾರ್ಮುಲಾ ಎಲ್‌ಜಿಬಿ 1300 ಕಾರಿಗೆ ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್. ಎಸ್ಟೀಮ್ ಶೋರೂಮಿನಿಂದ ಮರೆಯಾದ ಎಷ್ಟೋ ವರ್ಷಗಳ ಮೇಲೂ ಅದರ ಎಂಜಿನ್ ಟ್ರ್ಯಾಕಿನಲ್ಲಿ ಗುಡುಗುತ್ತಲೇ ಇತ್ತು. ನಮ್ಮ ಗ್ಯಾರೇಜಿಗೆ ಗೊತ್ತಿರುವ ಯಂತ್ರವೇ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಇದನ್ನೇ ಆರಿಸುತ್ತೇನೆ.

ಆದರೂ ಒಂದು ಕೊರತೆಯನ್ನು ಮುಚ್ಚಿಡಬಾರದು. ರಾಷ್ಟ್ರೀಯ ಓಟಗಳು ನಡೆಯುವ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರು ಎರಡೂ ನಮಗೆ ಹಗಲು ರಾತ್ರಿಯ ಪ್ರಯಾಣ. ಪ್ರವೇಶ ಶುಲ್ಕ, ಟೈರು, ಬೆಂಕಿ ತಡೆಯುವ ದಿರಿಸು, ಸಾಗಣೆ, ಅಭ್ಯಾಸದ ದಿನಗಳು ಎಲ್ಲ ಕೂಡಿದರೆ ಎರಡು ಬೆಳೆ ತೆಗೆಯುವ ರೈತನ ಮಗನಿಗೂ "ಅಗ್ಗ" ಎಂಬ ಮಾತು ಒಪ್ಪುವುದಿಲ್ಲ. ಟ್ರ್ಯಾಕಿನ ಬಳಿ ಇದ್ದು ಹೆಚ್ಚು ದಿನ ಅಭ್ಯಾಸ ಮಾಡಿದವನೇ ಮುಂದೆ. ಕಾರು ಸಮ ಆಯಿತು, ಅವಕಾಶ ಸಮ ಆಗಲಿಲ್ಲ.

ಇಲ್ಲಿ ನನ್ನ ಕಲ್ಲಿನ ಹೋಲಿಕೆಯನ್ನೂ ತಿದ್ದಿಕೊಳ್ಳಬೇಕು. ಭಾರದ ಕಲ್ಲು ಒಂದೇ ಆದರೂ ಎತ್ತುಗಳು ಒಂದೇ ಅಲ್ಲ. ಪಂದ್ಯ ಗೆಲ್ಲುವ ಜೋಡಿಗೆ ಲಕ್ಷಗಟ್ಟಲೆ ಬೆಲೆ, ಅದನ್ನು ಸಾಕಲು ಬೇರೆ ಮೇವು. ಸ್ಪೆಕ್ ಕ್ಲಾಸ್ ಒಂದು ಹೆಜ್ಜೆ ಮುಂದೆ ಹೋಗಿ ಎತ್ತುಗಳನ್ನೂ ಸಮ ಮಾಡಿತು. ಆದರೆ ನಮ್ಮ ಕಲ್ಲಿನ ಪಂದ್ಯದಲ್ಲಿ ಒಂದು ದೊಡ್ಡ ಗುಣವಿದೆ: ಕಣ ಊರಿನ ಹತ್ತಿರವಿದೆ, ಸಂಜೆಗೆ ಮನೆ ಸೇರಬಹುದು. ಓಟ ಕಲಿಯಬೇಕಾದದ್ದು ಇದನ್ನು.

ಅದಕ್ಕೆ ದಾರಿ ಇಲ್ಲದಿಲ್ಲ. ಆಟೋಕ್ರಾಸ್ ಎಂಬ ಬಗೆಯಲ್ಲಿ ಮಣ್ಣಿನ ಬಯಲಲ್ಲಿ ದಾರಿ ಗುರುತಿಸಿ, ಗಡಿಯಾರ ಹಿಡಿದು ಓಟ ನಡೆಸುತ್ತಾರೆ. ಕಾಫಿ ತೋಟಗಳ ಚಿಕ್ಕಮಗಳೂರಿನಲ್ಲಿ ರ‍್ಯಾಲಿ ಬೇರೂರಿದ್ದು ಊರಿನ ಕ್ಲಬ್ಬಿನವರ ಆಸಕ್ತಿಯಿಂದಲೇ. ಸಿಂಧನೂರಿನ ಎರೆ ನೆಲ ಇದಕ್ಕೆ ಒಗ್ಗದು, ಬೇಸಿಗೆಗೆ ಬಿರಿಯುತ್ತದೆ. ಮಸ್ಕಿ, ಲಿಂಗಸುಗೂರು ಕಡೆಯ ಮಸಾರಿ ನೆಲ ಗಟ್ಟಿ. ಅಂಥ ಒಂದು ಬಯಲು, ಪಂಜರ ಬೆಸೆದ ನಾಲ್ಕು ಹಳೆಯ ಮಾರುತಿ 800, ಸೀಲ್ ಹಾಕಿದ ಎಂಜಿನ್, ಅನುಮತಿ, ಹೆಲ್ಮೆಟ್, ಪಕ್ಕದಲ್ಲಿ ಆಂಬುಲೆನ್ಸ್: ಆರಂಭಕ್ಕೆ ಇಷ್ಟು ಬೇಕು. ಆಗ ಹುಡುಗರು ಒಬ್ಬರನ್ನೊಬ್ಬರು "ಎಷ್ಟು ಎಚ್‌ಪಿ ಅದ?" ಎಂದು ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುತ್ತದೆ. "ಆ ತಿರುವು ಹೆಂಗ್ ತಗೊಂಡಿ?" ಎಂದು ಕೇಳುತ್ತಾರೆ.