ಫೈನಲ್ ಫೈಲ್ ಯಾರ ಹತ್ತಿರ ಇದೆ?

ಲೇಖಕಿ ಶಿರಸಿಯಲ್ಲಿ, ಕರಡು ತಿದ್ದುವವರು ಮೈಸೂರಿನಲ್ಲಿ, ಮುಖಪುಟದ ಕಲಾವಿದ ಧಾರವಾಡದಲ್ಲಿ, ಡಿಟಿಪಿ ಬೆಂಗಳೂರಿನಲ್ಲಿ. ಇವತ್ತು ಕನ್ನಡ ಪುಸ್ತಕ ಸಿದ್ಧವಾಗುವುದು ಹೆಚ್ಚುಕಡಿಮೆ ಹೀಗೆಯೇ. ಒಬ್ಬರ ಮುಖ ಒಬ್ಬರು ನೋಡದೆಯೂ ಪುಸ್ತಕ ಹೊರಬರುತ್ತದೆ. ಇದರಿಂದ ಸಣ್ಣ ಪ್ರಕಾಶಕರಿಗೆ ಎಷ್ಟೋ ಅನುಕೂಲವಾಗಿದೆ, ಒಪ್ಪೋಣ. ಆದರೆ ಫೈಲು ಕಳಿಸುವುದನ್ನು ಕಲಿತಷ್ಟು ಚೆನ್ನಾಗಿ ಅದರ ಲೆಕ್ಕ ಇಡುವುದನ್ನು ನಾವು ಕಲಿತಿಲ್ಲ.

ಪಠ್ಯದ ಪಾಡು ನೋಡಿ. ಲೇಖಕಿ ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ. ಡಿಟಿಪಿಯವರಲ್ಲಿ ಹಲವರು ಇನ್ನೂ ಬಿಡದಿರುವುದು ಪೇಜ್‌ಮೇಕರ್ ತಂತ್ರಾಂಶ; 2001ರ 7.0 ಆವೃತ್ತಿಗೇ ಬೆಳವಣಿಗೆ ನಿಂತ ಅದಕ್ಕೆ ಯೂನಿಕೋಡ್ ತಿಳಿಯದು. ಹಾಗಾಗಿ ಪಠ್ಯ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿಗೆ ಬದಲಾಗಬೇಕು. ಅಲ್ಲಿ ಕನ್ನಡದ ಅಕ್ಷರತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ನಡುವೆ ಇಂಗ್ಲಿಷ್ ಪದ ಬಂದರೆ ಅರ್ಥವಿಲ್ಲದ ಕನ್ನಡವಾಗುವ ಅಪಾಯ. ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಬಿದ್ದುಹೋದರೆ 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಉಳಿಯುತ್ತದೆ. ಕರಡು ತಿದ್ದುವವರು ಇದನ್ನೆಲ್ಲ ಹಿಡಿಯುತ್ತಾರೆ; ಹಿಡಿದದ್ದನ್ನು ಪ್ರಿಂಟಿನ ಮೇಲೆ ಗುರುತು ಹಾಕಿ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ತಿದ್ದುಪಡಿ ಸೇರುವುದು ಡಿಟಿಪಿಯವರ ಪುಟಕ್ಕೆ ಮಾತ್ರ. ಲೇಖಕಿಯ ಬಳಿಯಿರುವ ಫೈಲು ತಪ್ಪುಗಳ ಸಮೇತ ಹಾಗೇ ಇರುತ್ತದೆ. ಅದರ ಹೆಸರು 'ಫೈನಲ್ ಹೊಸದು 2' ಎಂದೇನಾದರೂ ಇದ್ದರೆ ಆಶ್ಚರ್ಯವಿಲ್ಲ!

ಪೆಟ್ಟು ಗೊತ್ತಾಗುವುದು ಇ-ಬುಕ್ ಮಾಡಹೊರಟಾಗ. ಅದಕ್ಕೆ ಯೂನಿಕೋಡ್ ಪಠ್ಯವೇ ಬೇಕು. ತಿದ್ದಿದ ಪಠ್ಯವನ್ನು ಆಸ್ಕಿಯಿಂದ ಹಿಂದಕ್ಕೆ ತಂದರೆ, ವ್ಯಂಜನದ ನಂತರ ಬರುವ ಅರ್ಕಾವತ್ತನ್ನು ರಕಾರವಾಗಿಸಿ ವ್ಯಂಜನಕ್ಕಿಂತ ಮೊದಲಿಗೆ ತರಬೇಕು. ಎಲ್ಲ ಪರಿವರ್ತಕಗಳೂ ಅದನ್ನು ಸರಿಯಾಗಿ ಮಾಡುವುದಿಲ್ಲ. ಮತ್ತೆ ಮೊದಲ ಪುಟದಿಂದ ಕರಡು ನೋಡುವ ಶಿಕ್ಷೆ.

ಮುಖಪುಟದ ಕಥೆ ಚಿಕ್ಕದು. ಡೆಮಿ ಪುಸ್ತಕದ ಎಂಟೂವರೆ ಇಂಚಿನ ಎತ್ತರಕ್ಕೆ 300 ಡಿಪಿಐ ಲೆಕ್ಕದಲ್ಲಿ 2550 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳಿಸಿದರೆ ಅಷ್ಟು ಉಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ.

ಇದಕ್ಕೆಲ್ಲ ಡಿಟಿಪಿಯವರನ್ನು ದೂರುವುದು ಅನ್ಯಾಯ. ಅವರಿಗೆ ಸಿಗುವುದು ಪುಟಕ್ಕಿಷ್ಟು ಎಂಬ ಕೂಲಿ. ದಾಖಲೆ ಕಾಯುವುದಕ್ಕೆ ಯಾರೂ ಕಾಸು ಕೊಟ್ಟಿಲ್ಲ. ಹೊಣೆ ಪ್ರಕಾಶಕರದ್ದು. ತಿದ್ದುಪಡಿಗಳೆಲ್ಲ ಮೊದಲು ಎಲ್ಲರೂ ತೆರೆಯಬಲ್ಲ ಒಂದೇ ಯೂನಿಕೋಡ್ ಕಡತಕ್ಕೆ ಸೇರಬೇಕು, ಆಮೇಲಷ್ಟೇ ಪುಟವಿನ್ಯಾಸ. ಯಾರು, ಯಾವತ್ತು, ಏನು ಬದಲಿಸಿದರು, ಯಾವ ಫಾಂಟು, ಚಿತ್ರದ ಹಕ್ಕು ಯಾರದು ಎಂಬ ಒಂದು ಪುಟದ ಟಿಪ್ಪಣಿ ಜೊತೆಗಿರಲಿ. ಗೌರವಧನ, ಗೌರವಪ್ರತಿಗಳ ಬಗ್ಗೆ ಮಾತಾಡಿಕೊಳ್ಳುವಾಗಲೇ, ಅಚ್ಚಿಗೆ ಹೋದ ಮೂಲ ಫೈಲಿನ ಪ್ರತಿ ತನಗೂ ಬೇಕೆಂದು ಲೇಖಕಿ ಬರೆಸಿಕೊಳ್ಳಬಹುದು.