ಆ ಗೆರೆ ಎಲ್ಲಿಂದ ಬಂತು?

ಒಂಬತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಯೂಕ್ಲಿಡ್‌ನ ಕುರಿತು ಒಂದು ಅಧ್ಯಾಯವಿದೆ. 2006ರಲ್ಲಿ ಎನ್‌ಸಿಇಆರ್‌ಟಿ ಹೊರತಂದ ಪುಸ್ತಕದ್ದು. ಮುಂದೆ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಬಂತು. ಗಣಿತ ಕಲಿಕೆಯ ಬಗ್ಗೆ ಕಾಳಜಿಯುಳ್ಳವರ ನಡುವೆ ಅದರ ಮಾತು ಬಂದರೆ ದನಿಗಳು ಮೆತ್ತಗಾಗುವುದನ್ನು ಕಂಡಿದ್ದೇನೆ. ಮಕ್ಕಳಿಗೆ ತರ್ಕ ಕಲಿಸುವ ಅಧ್ಯಾಯವಂತೆ, ಸೂತ್ರಗಳ ಗಾಣದಿಂದ ಬಿಡುಗಡೆಯಂತೆ. ನನಗೆ ಮಾತ್ರ ಅದು ಮದುವೆಮನೆಯ ಬಾಳೆಕಂಬದ ಹಾಗೆ ಕಾಣುತ್ತದೆ. ಬಾಗಿಲಿಗೆ ಚೆನ್ನಾಗಿ ಒಪ್ಪುತ್ತದೆ. ಚಪ್ಪರದ ಭಾರ ಹೊರುವ ಗಳುಗಳು ಬೇರೆಯೇ.

ಆರಂಭದ ಪುಟಗಳನ್ನು ಬಿಡೋಣ. ನೈಲ್ ನದಿಯ ನೆರೆ, ಸಿಂಧೂ ಕಣಿವೆಯ 4:2:1ರ ಇಟ್ಟಿಗೆ, ಶುಲ್ಬಸೂತ್ರ, ಶ್ರೀಯಂತ್ರ, ಥೇಲ್ಸ್, ಎಲ್ಲವೂ ಪ್ರವಾಸದ ಬಸ್ಸಿನ ಕಿಟಕಿಯಾಚೆ ಸರಿದಂತೆ ಸರಿದುಹೋಗುತ್ತವೆ. ಬಿಂದುವಿಗೆ ಭಾಗಗಳಿಲ್ಲ ಎಂದರೆ ಭಾಗ ಅಂದರೇನು ಎಂಬ ಪ್ರಶ್ನೆ ಏಳುತ್ತದೆ, ಆದ್ದರಿಂದ ಬಿಂದು, ರೇಖೆ, ಸಮತಲಗಳನ್ನು ವ್ಯಾಖ್ಯಾನಿಸದೆ ಬಿಡೋಣ ಎಂದು ಪುಸ್ತಕ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಅದು ಒಳ್ಳೆಯದು. ಹೊಗಳಿಕೆ ಇಷ್ಟಕ್ಕೆ ಸಾಕು.

ಆಮೇಲೆ ಐದು ಆಧಾರ ಪ್ರತಿಜ್ಞೆಗಳು ಬರುತ್ತವೆ. ಇವನ್ನು ಒಪ್ಪಿಕೊಂಡರೆ ಉಳಿದುದೆಲ್ಲ ತರ್ಕದಿಂದಲೇ ಹುಟ್ಟುತ್ತದೆ ಎಂಬ ಭರವಸೆ ಓದುವ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಪುಟ ತಿರುಗಿಸಿ ಮುಂದಿನ ಅಧ್ಯಾಯಕ್ಕೆ ಹೋದರೆ ಬೇರೆ ಲೋಕ. ರೇಖೆಯ ಮೇಲೆ ಕಿರಣ ನಿಂತರೆ ಎರಡು ಕೋನಗಳ ಮೊತ್ತ 180 ಡಿಗ್ರಿ: ಇದು ಹೊಸ ಸ್ವಯಂಸಿದ್ಧ. ಸಮಾಂತರ ರೇಖೆಗಳನ್ನು ಛೇದಕ ಕತ್ತರಿಸಿದರೆ ಅನುರೂಪ ಕೋನಗಳು ಸಮ: ಮೊದಲ ಆವೃತ್ತಿಯಲ್ಲಿ ಇದೂ ಒಂದು ಸ್ವಯಂಸಿದ್ಧ. ಅದರಾಚೆಗಿನ ಅಧ್ಯಾಯದಲ್ಲಿ ತ್ರಿಭುಜಗಳ ಸರ್ವಸಮತೆಗೆ ಬಾಕೋಬಾ, ಅಂದರೆ ಎರಡು ಬಾಹುಗಳೂ ಅವುಗಳ ನಡುವಿನ ಕೋನವೂ ಸಮವಾದರೆ ಸಾಕೆಂಬ ನಿಯಮ: ಅದೂ ಸ್ವಯಂಸಿದ್ಧ. ಯೂಕ್ಲಿಡ್ ಈ ಮೂರನ್ನೂ ಪ್ರಮೇಯಗಳಾಗಿ ಸಾಧಿಸಲು ಹೊರಟವನು. ಅವನ ಐದು ಪ್ರತಿಜ್ಞೆಗಳನ್ನು ಹೆಸರು ಹಿಡಿದು ಕರೆಯುವ ಪ್ರಸಂಗ ಮುಂದೆ ಹೆಚ್ಚುಕಡಿಮೆ ಬರುವುದೇ ಇಲ್ಲ. ಅಡಿಪಾಯ ಒಂದು ಕಡೆ, ಮನೆ ಇನ್ನೊಂದು ಕಡೆ.

ಹೊಸ ಸ್ವಯಂಸಿದ್ಧಗಳನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಯೂಕ್ಲಿಡ್‌ನಲ್ಲೂ ಬಿರುಕುಗಳಿವೆ. ಸಮಬಾಹು ತ್ರಿಭುಜ ಎಳೆಯುವ ಅವನ ಮೊದಲ ಪ್ರಮೇಯದಲ್ಲೇ ಎರಡು ವೃತ್ತಗಳು ಒಂದನ್ನೊಂದು ಕತ್ತರಿಸುತ್ತವೆ ಎನ್ನಲು ಐದರಲ್ಲಿ ಯಾವುದೂ ಆಧಾರ ಕೊಡುವುದಿಲ್ಲ. 1899ರಲ್ಲಿ ಹಿಲ್ಬರ್ಟ್ ಬೇರೆಯೇ ಪಟ್ಟಿ ಮಾಡಿ ಇಂಥವನ್ನು ಸರಿಪಡಿಸಿದ. ಹದಿನಾಲ್ಕರ ಮಕ್ಕಳಿಗೆ ಅದೆಲ್ಲ ಬೇಕಿಲ್ಲ. ನನ್ನ ತಕರಾರು ಸಣ್ಣದು, ಒಂದು ಗೆರೆಯ ಕುರಿತದ್ದು.

ಸಮದ್ವಿಬಾಹು ತ್ರಿಭುಜದಲ್ಲಿ ಸಮ ಬಾಹುಗಳಿಗೆ ಎದುರಾದ ಕೋನಗಳು ಸಮ. ಹೈಸ್ಕೂಲಿನ ಮಕ್ಕಳು ಗಂಭೀರವಾಗಿ ಸಾಧಿಸುವ ಮೊದಮೊದಲ ಪ್ರಮೇಯಗಳಲ್ಲಿ ಇದೊಂದು. ಪುಸ್ತಕದ ಸಾಧನೆ ಹೀಗಿದೆ: ತ್ರಿಭುಜ ಎಬಿಸಿಯಲ್ಲಿ ಎಬಿ, ಎಸಿ ಸಮ. ಕೋನ ಎಯನ್ನು ಸಮವಾಗಿ ಭಾಗಿಸುವ ಗೆರೆ ಎಳೆ, ಅದು ಬಿಸಿಯನ್ನು ಡಿಯಲ್ಲಿ ಸಂಧಿಸಲಿ. ಎರಡು ತ್ರಿಭುಜಗಳಾದವು. ಬಾಕೋಬಾ ಪ್ರಕಾರ ಅವು ಸರ್ವಸಮ. ಆದ್ದರಿಂದ ಬಿ, ಸಿ ಕೋನಗಳು ಸಮ. ಮುಗಿಯಿತು.

ತಂಗಿಯ ಮಗಳು ನಮ್ಮ ಮನೆಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದಾಗ ಇಲ್ಲಿಗೆ ಬಂದು ನಿಂತಳು. "ಮಾಮ, ಕೋನಾನ ಸರಿಯಾಗಿ ಅರ್ಧ ಮಾಡೋ ಗೆರೆ ಎಳೀಬಹುದು ಅಂತ ಎಲ್ಲಿ ಹೇಳಿದ್ದಾರೆ? ಐದರಲ್ಲಿ ಇಲ್ವಲ್ಲ." ಆ ಅಧ್ಯಾಯವನ್ನು ನಂಬಿ ಓದಿದವಳು ಅವಳೊಬ್ಬಳೇ ಇರಬೇಕು.

ಇಬ್ಬರೂ ಹುಡುಕಿದೆವು. ಕೋನವನ್ನು ಕೈವಾರದಿಂದ ಅರ್ಧಿಸುವ ಕ್ರಮ ಅದೇ ಪುಸ್ತಕದ ಹನ್ನೊಂದನೇ ಅಧ್ಯಾಯದಲ್ಲಿ, ರಚನೆಗಳಲ್ಲಿ, ಸಿಕ್ಕಿತು. ಆ ರಚನೆ ಸರಿ ಎನ್ನಲು ಅಲ್ಲಿ ಬಳಸಿದ್ದು ಬಾಬಾಬಾ, ಅಂದರೆ ಮೂರು ಬಾಹುಗಳ ಸರ್ವಸಮತೆ. ಅದನ್ನು ಸಾಧಿಸುವ ರೂಢಿಯ ದಾರಿ ಹೋಗುವುದು ಸಮದ್ವಿಬಾಹು ಪ್ರಮೇಯದ ಮೂಲಕವೇ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದು ಬಿದ್ದೆವು.

ಯೂಕ್ಲಿಡ್ ಇದನ್ನು ಬಲ್ಲವನಾಗಿದ್ದ. ಅವನ ಮೊದಲ ಪುಸ್ತಕದಲ್ಲಿ ಸಮದ್ವಿಬಾಹು ಪ್ರಮೇಯ 5ನೆಯದು, ಕೋನವನ್ನು ಅರ್ಧಿಸುವುದು 9ನೆಯದು. ಒಂಬತ್ತು ಎಂಟನ್ನು ನೆಚ್ಚಿದೆ, ಎಂಟು ಏಳನ್ನು, ಏಳು ಐದನ್ನು. ಹಾಗಾಗಿಯೇ ಐದರಲ್ಲಿ ಅವನು ಅರ್ಧಕವನ್ನು ಮುಟ್ಟುವುದಿಲ್ಲ. ಎರಡು ಸಮ ಬಾಹುಗಳನ್ನು ಪಾದದ ಕೆಳಗೆ ಲಂಬಿಸಿ, ಅಲ್ಲಿ ಸಮ ತುಂಡುಗಳನ್ನು ಗುರುತಿಸಿ, ಎರಡು ಜೊತೆ ತ್ರಿಭುಜಗಳನ್ನು ಹೋಲಿಸಿ ಸುತ್ತಿಬಳಸಿ ಬರುತ್ತಾನೆ. ಚಿತ್ರ ಗೋಜಲು. ಕಲಿಯುವವರು ಎಡವುವ ಜಾಗವೆಂದು ಯುರೋಪಿನಲ್ಲಿ ಅದಕ್ಕೆ ಕತ್ತೆಗಳ ಸೇತುವೆ ಎಂಬ ಅಡ್ಡಹೆಸರೇ ಬಿತ್ತು. ನಮ್ಮ ಪುಸ್ತಕ ಆ ಗೋಜಲನ್ನು ಬಿಡಿಸಿದೆ, ಒಳಗಿದ್ದ ಎಚ್ಚರವನ್ನೂ ಅದರ ಜೊತೆಗೇ ಬಿಸಾಡಿದೆ.

ಇದಕ್ಕೆ ಸಿದ್ಧ ಉತ್ತರವೊಂದಿದೆ. ಕೋನಮಾಪಕ ಇಟ್ಟು ಅಳೆದರಾಯಿತಲ್ಲ, 50 ಡಿಗ್ರಿಗೆ 25 ಇದ್ದೇ ಇರುತ್ತದೆ. ಸರಿ. ಅಳತೆಪಟ್ಟಿ ಮತ್ತು ಕೋನಮಾಪಕಗಳನ್ನೇ ಸ್ವಯಂಸಿದ್ಧಗಳ ಸ್ಥಾನದಲ್ಲಿ ಕೂರಿಸಿ 1932ರಲ್ಲಿ ಬರ್ಕಾಫ್ ಒಂದು ಒಪ್ಪವಾದ ಜ್ಯಾಮಿತಿ ಕಟ್ಟಿದ. ಆ ದಾರಿ ಹಿಡಿದರೆ ಗೆರೆಗೆ ಯಾವ ದೋಷವೂ ಇಲ್ಲ. ಹಾಗಿದ್ದರೆ ಪುಸ್ತಕ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಯೂಕ್ಲಿಡ್‌ನ ಹೆಸರಲ್ಲಿ ಆಣೆ ಮಾಡಿ, ಬರ್ಕಾಫ್‌ನ ಜೇಬಿಗೆ ಕೈ ಹಾಕುವುದು ಯಾವ ತರ್ಕ?

ಗೆರೆಯೇ ಬೇಡದ ಸಾಧನೆಯೂ ಇದೆ. ನಾಲ್ಕನೇ ಶತಮಾನದ ಅಲೆಕ್ಸಾಂಡ್ರಿಯದ ಪ್ಯಾಪಸ್‌ನದು. ಎಬಿಸಿ ತ್ರಿಭುಜವನ್ನು ಎಸಿಬಿ ಎಂದು ಓದು, ಎರಡನ್ನೂ ಹೋಲಿಸು. ಎಬಿ ಎಸಿಗೆ ಸಮ, ಎಸಿ ಎಬಿಗೆ ಸಮ, ನಡುವಿನ ಕೋನ ಅದೇ. ಬಾಕೋಬಾ. ಮೂರು ಸಾಲು. ಒಂದೇ ತ್ರಿಭುಜ ತನಗೆ ತಾನೇ ಸರ್ವಸಮ ಎನ್ನುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು ಮಕ್ಕಳು ಮೊದಲು ನಗುತ್ತಾರೆ. ತಿರುವಿ ಹಾಕಿದರೂ ಅದೇ ಜಾಗದಲ್ಲಿ ಕೂರುತ್ತದೆ ಎಂಬುದು ಎಲ್ಲ ತ್ರಿಭುಜಕ್ಕೂ ಒದಗುವ ಭಾಗ್ಯವಲ್ಲ ಎಂದು ಹೊಳೆದಾಗ ನಗು ನಿಲ್ಲುತ್ತದೆ. ಪುಸ್ತಕ ಆಗಲೇ ಬಾಕೋಬಾ ಒಪ್ಪಿಕೊಂಡಿದೆ, ಅದಕ್ಕೆ ಈ ಸಾಧನೆ ಪುಕ್ಕಟೆಯಾಗಿ ಸಿಗುತ್ತಿತ್ತು.

ಇಷ್ಟು ಹೇಳಿದರೆ ಎರಡು ಬಣದವರು ನನ್ನ ಬೆನ್ನು ತಟ್ಟಲು ಬರುತ್ತಾರೆ. ಇಬ್ಬರೂ ಬೇಡ. ಮೊದಲ ಬಣ ಚಟುವಟಿಕೆಯವರದು. ಸಾಧನೆಯೇ ಯಾಕೆ, ಕಾಗದದ ತ್ರಿಭುಜ ಕತ್ತರಿಸಿ ಮಡಚಿ ತೋರಿಸಿ ಎನ್ನುತ್ತಾರೆ. 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾದ, ಕಾಗದ ಮಡಚಿ ಜ್ಯಾಮಿತಿ ಕಲಿಸುವ ಸುಂದರರಾಯರ ಪುಸ್ತಕದ ಹೆಸರೂ ಆಗಾಗ ಬರುತ್ತದೆ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್‌ನ ಕಣ್ಣಿಗೂ ಬಿದ್ದ ಅದನ್ನು ನಮ್ಮಲ್ಲಿ ಹೊಗಳುವವರು ಬಹಳ, ಓದಿದವರು ಕಡಿಮೆ. ಸುಂದರರಾಯರು ಮಡಚಿ ಸುಮ್ಮನಾಗುವುದಿಲ್ಲ, ಮಡಿಕೆ ಹೀಗೆಯೇ ಏಕೆ ಬೀಳುತ್ತದೆ ಎಂದು ಕಾರಣ ಹೇಳುತ್ತ ಬಹುಭುಜಗಳನ್ನು ದಾಟಿ ಶಂಕುಜಗಳವರೆಗೆ ಹೋಗುತ್ತಾರೆ. ಚಟುವಟಿಕೆಯವರು ಮಡಚಿ, "ನೋಡಿದ್ಯಲ್ಲ" ಎಂದು ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಆ ಮಡಿಕೆ ನನ್ನ ಸೊಸೆ ಕೇಳಿದ ಗೆರೆಯೇ. ಅದು ಎಲ್ಲಿಂದ ಬಂತೆಂದು ಕೇಳುವ ಅವಕಾಶವೂ ಹೋಯಿತು.

ಎರಡನೆಯ ಬಣಕ್ಕೆ ಯೂಕ್ಲಿಡ್ ಪರದೇಶಿ. ಶುಲ್ಬಸೂತ್ರ ಇರುವಾಗ ಗ್ರೀಕರು ಯಾಕೆ ಎಂಬುದು ಅವರ ಪ್ರಶ್ನೆ. ಶುಲ್ಬವೆಂದರೆ ಹಗ್ಗ, ಹಗ್ಗ ಹಿಡಿದು ವೇದಿ ಕಟ್ಟುವ ಆ ಸೂತ್ರಗಳಲ್ಲಿ ಬೌಧಾಯನ ಕರ್ಣದ ನಿಯಮವನ್ನು ಸ್ಪಷ್ಟವಾಗಿ ಹೇಳಿದ್ದಾನೆ, ಸಾಧನೆ ಬರೆದಿಟ್ಟಿಲ್ಲ. ಕನ್ನಡದಲ್ಲೇ ಹನ್ನೆರಡನೇ ಶತಮಾನದ ರಾಜಾದಿತ್ಯನ ಕ್ಷೇತ್ರಗಣಿತವಿದೆ. ಏಕೆ ಎಂಬ ಪ್ರಶ್ನೆಗೆ ನಮ್ಮವರದೇ ಉತ್ತರ ಬೇಕೆಂದರೆ ಹದಿನಾರನೇ ಶತಮಾನದ ಕೇರಳದ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ಯುಕ್ತಿಭಾಷೆ ಸಿದ್ಧವಾಗಿದೆ, ಉಪಪತ್ತಿಗಳಿಂದಲೇ ತುಂಬಿದ ಗ್ರಂಥ. ಈ ಬಣದ ಬಾಯಲ್ಲಿ ಅದರ ಹೆಸರು ನಾನು ಕೇಳಿದ್ದು ಅಪರೂಪ. ಹಗ್ಗದ ಚಿತ್ರ ಅಚ್ಚು ಹಾಕಿಸಿದರೆ ಅವರಿಗೆ ತೃಪ್ತಿ. ಇನ್ನು ರೇಖಾಗಣಿತ ಎಂಬ ನಮ್ಮ ಪದ: ಹದಿನೆಂಟನೇ ಶತಮಾನದಲ್ಲಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಾಮ್ರಾಟ ಅರಬ್ಬಿಯಿಂದ ಸಂಸ್ಕೃತಕ್ಕೆ ತಂದ ಯೂಕ್ಲಿಡ್‌ನ ಗ್ರಂಥಕ್ಕೆ ಇಟ್ಟ ಹೆಸರೂ ಅದೇ. ಇಂಗ್ಲಿಷ್ ಶಾಲೆಗಳಿಗಿಂತ ಮೊದಲೇ ಯೂಕ್ಲಿಡ್ ಇಲ್ಲಿಗೆ ಬಂದು ಕೂತಿದ್ದ.

ಮಕ್ಕಳಿಗೆ ಐದು ಪ್ರತಿಜ್ಞೆಗಳ ಪಟ್ಟಿ ಮೊದಲು ಕೊಡಬೇಕಾಗಿಲ್ಲ. ಸಮದ್ವಿಬಾಹು ತ್ರಿಭುಜ ಒಂದನ್ನು ಕೊಟ್ಟು ಈ ಮೂರೂ ಸಾಧನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಎರಡು ಪೀರಿಯಡ್ ಜಗಳವಾಡಲು ಬಿಟ್ಟರೆ ಸ್ವಯಂಸಿದ್ಧ ಯಾಕೆ ಬೇಕೆಂಬುದು ಅವರಿಗೇ ತಟ್ಟುತ್ತದೆ. ಆದರೆ ಪ್ರಮೇಯವೆಂದರೆ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹ, ತಲೆಬರಹಕ್ಕಿಷ್ಟು ಅಂಕ.

ಸೊಸೆ ಪರೀಕ್ಷೆಯಲ್ಲಿ ಪ್ಯಾಪಸ್‌ನ ಸಾಧನೆಯನ್ನೇ ಬರೆದಳು. ಹಿಂದಿನ ರಾತ್ರಿ ಅವಳಿಗಿದ್ದ ಅನುಮಾನ ಒಂದೇ: "ಮಾಮ, ರಚನೆ ಅಂತ ಇರುತ್ತಲ್ಲ, ಅದರ ಕೆಳಗೆ ಏನು ಬರೀಲಿ?" ಏನೂ ಇಲ್ಲ ಅಂತ ಬರಿ ಎಂದೆ. ಉತ್ತರಪತ್ರಿಕೆ ವಾಪಸು ಬಂದಾಗ "ರಚನೆ: ಏನೂ ಇಲ್ಲ" ಎಂಬುದರ ಸುತ್ತ ಕೆಂಪು ಶಾಯಿಯ ಒಂದು ವೃತ್ತ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇತ್ತು.